ಅಗ್ಗದ ಮ್ಯಾನುವಲ್ ಫೋಕಸ್ ಪೋರ್ಟ್ರೇಟ್ ಲೆನ್ಸ್: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

"ಹೀಲಿಯೋಸ್ ಲೆನ್ಸ್ ತರಿಸಿದೆ, ಕ್ಯಾಮೆರಾಗೆ ಕೂರ್ತಿಲ್ಲ." "ಕೂತಿದೆ, ಆದ್ರೆ ದೂರದ್ದು ಫೋಕಸ್ ಆಗ್ತಿಲ್ಲ." "ಫೋಕಸ್ ಆಗುತ್ತೆ, ಶಟರ್ ಬೀಳ್ತಿಲ್ಲ." "ಎಲ್ಲ ಸರಿಯಿದೆ, ತೆಗೆದ ಫೋಟೋಗಳಲ್ಲಿ ಮುಕ್ಕಾಲು ಪಾಲು ಮಸುಕು." ಕೈಯಲ್ಲೇ ಫೋಕಸ್ ಮಾಡುವ ಹಳೆಯ ಲೆನ್ಸ್ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಇವೇ ನಾಲ್ಕು. ಬಹುತೇಕ ಎಲ್ಲರೂ ಲೆನ್ಸಿನ ಹೆಸರಿನಿಂದ ಶುರುಮಾಡಿರುತ್ತಾರೆ: ಯಾರೋ ತೆಗೆದ ಚಂದದ ಫೋಟೋ ನೋಡಿ, ಅದರ ಲೆನ್ಸ್ ಯಾವುದೆಂದು ಕೇಳಿ, ಅದನ್ನೇ ಹುಡುಕಿ ಕೊಂಡಿರುತ್ತಾರೆ. ಹೆಸರು ಬರಬೇಕಾದ್ದು ನಾಲ್ಕನೇ ಹಂತದಲ್ಲಿ. ಅದಕ್ಕೆ ಮೊದಲಿನ ಮೂರು ಹಂತಗಳಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಬೇಕಾಗುವ ಸಾಮಾನು: ಅಳತೆ ಟೇಪು, ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್, ಮೊಬೈಲಿನದಕ್ಕಿಂತ ಸ್ವಲ್ಪ ಪ್ರಖರವಾದ ಟಾರ್ಚ್, ಒಂದು ದಿನಪತ್ರಿಕೆ, ಟ್ರೈಪಾಡ್, ಕನ್ನಡಕ ರಿಪೇರಿಯವರು ಬಳಸುವಂಥ ಸಣ್ಣ ಸ್ಕ್ರೂಡ್ರೈವರ್.

## ಹಂತ 1: ನಿಮ್ಮ ಕ್ಯಾಮೆರಾದ ಮೌಂಟ್ ಏನನ್ನು ಒಪ್ಪುತ್ತದೆ?

ಹೆಚ್ಚು ಹಣ ಪೋಲಾಗುವುದು ಇಲ್ಲೇ. ಹಾಗಾಗಿ ಇಲ್ಲಿ ನಿಧಾನವಾಗಿ ಓದಿ.

ಲೆನ್ಸ್ ಕೂರುವ ಲೋಹದ ಬಳೆಯೇ ಮೌಂಟ್. ಅದರಿಂದ ಒಳಗಿನ ಸೆನ್ಸರ್‌ವರೆಗಿನ ಅಂತರ ಪ್ರತಿ ಮೌಂಟ್‌ಗೂ ನಿಗದಿಯಾಗಿರುತ್ತದೆ. ಇದನ್ನು ಫ್ಲ್ಯಾಂಜ್ ದೂರ ಎನ್ನುತ್ತಾರೆ. ಲೆನ್ಸಿನ ಫ್ಲ್ಯಾಂಜ್ ದೂರ ಕ್ಯಾಮೆರಾದ್ದಕ್ಕಿಂತ ಹೆಚ್ಚಿದ್ದರೆ ನಡುವಿನ ವ್ಯತ್ಯಾಸದಷ್ಟು ಜಾಗದಲ್ಲಿ ಎರಡನ್ನೂ ಜೋಡಿಸುವ ಬಳೆ, ಅಂದರೆ ಅಡಾಪ್ಟರ್, ಕೂರುತ್ತದೆ. ಕಡಿಮೆಯಿದ್ದರೆ ಲೆನ್ಸ್ ಅಗತ್ಯಕ್ಕಿಂತ ಮುಂದೆ ನಿಂತುಬಿಡುತ್ತದೆ, ದೂರದ ವಸ್ತುಗಳ ಮೇಲೆ ಫೋಕಸ್ ಸಿಗುವುದಿಲ್ಲ.

ನೆನಪಿಡಬೇಕಾದ ಅಂಕಿಗಳು ಮಿಲಿಮೀಟರ್‌ಗಳಲ್ಲಿ ಹೀಗಿವೆ. ಹಳೆಯ ಲೆನ್ಸ್‌ಗಳ ಕಡೆ: ನಿಕಾನ್ ಎಫ್ 46.5, ಒಲಿಂಪಸ್ ಒಎಂ 46, ಕಾಂಟ್ಯಾಕ್ಸ್-ಯಾಶಿಕಾ 45.5, ಎಂ42 (ಸ್ಕ್ರೂನಂತೆ ತಿರುಗಿಸಿ ಕೂರಿಸುವ ಮೌಂಟ್) ಮತ್ತು ಪೆಂಟ್ಯಾಕ್ಸ್ ಕೆ 45.46, ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42. ಕ್ಯಾಮೆರಾಗಳ ಕಡೆ: ಕ್ಯಾನನ್ ಇಎಫ್ 44, ಕ್ಯಾನನ್ ಆರ್‌ಎಫ್ 20, ಸೋನಿ ಇ 18, ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೇಲಿನ ಎಲ್ಲ ಹಳೆಯ ಲೆನ್ಸ್‌ಗಳೂ ಸಾದಾ ಲೋಹದ ಅಡಾಪ್ಟರ್ ಮೂಲಕ ಕೂರುತ್ತವೆ. ಒಳಗೆ ಗಾಜಿಲ್ಲದ, ಚಿಪ್ ಇಲ್ಲದ ಅಡಾಪ್ಟರ್ ಸಾಕು. ಈ ಹಂತದ ಉಳಿದ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು.

ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಇಎಫ್ ಮೌಂಟಿನ ಕ್ಯಾಮೆರಾ) ಇದ್ದರೆ 44ಕ್ಕಿಂತ ಹೆಚ್ಚಿನವು ಸಲ್ಲುತ್ತವೆ: ಎಂ42, ನಿಕಾನ್ ಎಫ್, ಒಲಿಂಪಸ್, ಕಾಂಟ್ಯಾಕ್ಸ್-ಯಾಶಿಕಾ. ಎಲ್ಲರೂ ಎಡವುವ ಕಲ್ಲು ಕ್ಯಾನನ್‌ನದೇ ಹಳೆಯ ಎಫ್‌ಡಿ ಲೆನ್ಸ್. ಒಂದೇ ಕಂಪನಿ, ಒಂದೇ ಹೆಸರು, ಹಾಗಾಗಿ ಕೂರುತ್ತದೆ ಅಂದುಕೊಳ್ಳುತ್ತಾರೆ. 1987ರಲ್ಲಿ ಕ್ಯಾನನ್ ಮೌಂಟನ್ನೇ ಬದಲಿಸಿತು. ಎಫ್‌ಡಿ ಲೆನ್ಸ್ ಇಎಫ್ ಕ್ಯಾಮೆರಾಗೆ ಗಾಜಿನ ಅಡಾಪ್ಟರ್ ಇಲ್ಲದೆ ಸರಿಯಾಗಿ ಕೆಲಸ ಮಾಡದು, ಗಾಜು ಹಾಕಿದರೆ ಚಿತ್ರದ ಗುಣಮಟ್ಟ ಕುಸಿಯುತ್ತದೆ. ಮಿನೋಲ್ಟಾ ಎಂಡಿಯ ಕಥೆಯೂ ಅದೇ. ಇನ್ನೊಂದು ಎಚ್ಚರಿಕೆ ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಕ್ಯಾನನ್ ಇರುವವರಿಗೆ: ಕೆಲವು ಎಂ42 ಲೆನ್ಸ್‌ಗಳ ಹಿಂಭಾಗ ಒಳಕ್ಕೆ ಚಾಚಿಕೊಂಡಿದ್ದು, ದೂರಕ್ಕೆ ಫೋಕಸ್ ಮಾಡಿದಾಗ ಕನ್ನಡಿ ಅದಕ್ಕೆ ತಾಗುತ್ತದೆ. ಮೊದಲ ಸಲ ಹಾಕಿದಾಗ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡಿಕೊಂಡು) ಪ್ರಯತ್ನಿಸಬೇಡಿ. ಹತ್ತಿರದ ಫೋಕಸ್‌ನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ದೂರಕ್ಕೆ ತಿರುಗಿಸುತ್ತ ಒಂದೊಂದು ಫೋಟೋ ತೆಗೆಯಿರಿ. ಶಟರ್ ಸದ್ದು ಬದಲಾದರೆ, ಪರದೆಯ ಮೇಲೆ ಎರರ್ ಬಂದರೆ ಅಲ್ಲಿಗೇ ನಿಲ್ಲಿಸಿ.

ನಿಕಾನ್ ಡಿಎಸ್‌ಎಲ್‌ಆರ್ ಇದ್ದರೆ ಹೊರಗಿನ ಲೆನ್ಸ್‌ಗಳ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟುಬಿಡಿ. 46.5 ದೊಡ್ಡ ಅಂಕಿ, ಅದಕ್ಕಿಂತ ಹೆಚ್ಚಿನದು ಸಿಗುವುದೇ ಅಪರೂಪ. ಎಂ42 ಲೆನ್ಸ್ ಸುಮಾರು 1 ಮಿ.ಮೀ. ಮುಂದೆ ನಿಲ್ಲುತ್ತದೆ. ಅಷ್ಟರಿಂದಲೇ 58 ಮಿ.ಮೀ. ಹೀಲಿಯೋಸ್ ಹೆಚ್ಚೆಂದರೆ 3 ಮೀಟರ್ ಚಿಲ್ಲರೆ ದೂರಕ್ಕೆ ಫೋಕಸ್ ಆಗುತ್ತದೆ, ಅದರಾಚೆ ಎಲ್ಲ ಮಸುಕು. ಆದರೆ 135 ಮಿ.ಮೀ. ಲೆನ್ಸ್‌ಗೆ ಅದೇ 1 ಮಿ.ಮೀ. ನಷ್ಟದಲ್ಲೂ ಸುಮಾರು 17 ಮೀಟರ್‌ವರೆಗೆ ಫೋಕಸ್ ಸಿಗುತ್ತದೆ. ಪೋರ್ಟ್ರೇಟ್‌ಗೆ ಇದು ಧಾರಾಳ. ಅಡಾಪ್ಟರ್ ದಪ್ಪವಿದ್ದಷ್ಟೂ ಈ ದೂರಗಳು ಕುಗ್ಗುತ್ತವೆ.

ನಿಕಾನ್‌ನವರು ನಿಕಾನ್‌ನದೇ ಹಳೆಯ ಲೆನ್ಸ್ ಹುಡುಕುವುದು ಜಾಣತನ. 1959ರಿಂದ ಮೌಂಟ್ ಒಂದೇ. ಆದರೂ ಮೂರು ಗುಂಡಿಗಳಿವೆ, ನೋಡಿಕೊಂಡು ಹೆಜ್ಜೆಯಿಡಿ. ಒಂದು, 1977ಕ್ಕೆ ಮೊದಲಿನ, ಎಐ (ಬೆಳಕು ಬಿಡುವ ರಂಧ್ರದ, ಅಂದರೆ ಅಪರ್ಚರ್‌ನ, ಅಳತೆಯನ್ನು ಕ್ಯಾಮೆರಾಗೆ ತಿಳಿಸುವ ವ್ಯವಸ್ಥೆ) ಆಗಿ ಬದಲಿಸದ ಲೆನ್ಸ್‌ಗಳನ್ನು ಡಿ7000, ಡಿ7200, ಡಿ750ರಂಥ ಕ್ಯಾಮೆರಾಗೆ ತಿರುಗಿಸಿದರೆ ಮೌಂಟ್ ಅಂಚಿನ ಪುಟ್ಟ ಕೊಂಡಿ ಮುರಿಯಬಹುದು. ಎಐ ಲೆನ್ಸ್‌ನಲ್ಲಿ ಅಪರ್ಚರ್ ಅಂಕಿಗಳು ಎರಡು ಸಾಲಿನಲ್ಲಿರುತ್ತವೆ, ಹಳೆಯದರಲ್ಲಿ ಒಂದೇ ಸಾಲು. ಎರಡು, ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಎಐ ಲೆನ್ಸ್ ಕೂರುತ್ತದೆ, ಆದರೆ ಬೆಳಕಿನ ಅಳತೆ ಸಿಗುವುದಿಲ್ಲ. ಎಂ ಮೋಡ್‌ನಲ್ಲಿಟ್ಟು ಹಿಸ್ಟೋಗ್ರಾಮ್ (ಫೋಟೋದ ಬೆಳಕಿನ ಹಂಚಿಕೆಯ ನಕ್ಷೆ) ನೋಡಿಕೊಂಡು ನೀವೇ ಹೊಂದಿಸಬೇಕು. ಮೂರು, ಡಿ7500. ಇದು ಮೇಲ್ವರ್ಗದ ಕ್ಯಾಮೆರಾ ಆದರೂ ಅದರಲ್ಲಿ ಆ ಕೊಂಡಿಯೇ ಇಲ್ಲ, ಹಾಗಾಗಿ ಅಳತೆಯೂ ಇಲ್ಲ.

ಡಿ3000, ಡಿ5000 ಸರಣಿಯವರಿಗೆ ನಾನು ಹೇಳುವ ದಾರಿ ಬೇರೆ: ನಿಕಾನ್ ಎಎಫ್ 50 ಮಿ.ಮೀ. ಎಫ್ 1.8 ಡಿ ಅಥವಾ 85 ಮಿ.ಮೀ. ಎಫ್ 1.8 ಡಿ. ಈ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇಲ್ಲದ ಕಾರಣ ಅವು ಮ್ಯಾನುವಲ್ ಫೋಕಸ್ ಲೆನ್ಸ್‌ಗಳಾಗಿಯೇ ಕೆಲಸ ಮಾಡುತ್ತವೆ, ಆದರೆ ಚಿಪ್ ಇರುವುದರಿಂದ ಬೆಳಕಿನ ಅಳತೆ ಸಿಗುತ್ತದೆ. ಅಪರ್ಚರ್ ಬಳೆಯನ್ನು ಕೊನೆಯ ದೊಡ್ಡ ಅಂಕಿಗೆ ತಿರುಗಿಸಿ ಲಾಕ್ ಮಾಡಬೇಕು, ಇಲ್ಲದಿದ್ದರೆ ಎರರ್ ಬರುತ್ತದೆ. ಫೋಕಸ್ ಬಳೆ ಹಳೆಯ ಲೆನ್ಸಿನಷ್ಟು ಸುಖವಾಗಿ ತಿರುಗುವುದಿಲ್ಲ, ಅಷ್ಟೇ.

ಪೆಂಟ್ಯಾಕ್ಸ್ ಇರುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಕೆ ಲೆನ್ಸ್‌ಗಳು ನೇರ, ಎಂ42 ಲೆನ್ಸ್‌ಗಳು ತೆಳು ಬಳೆಯ ಮೂಲಕ.

## ಹಂತ 2: ಕಿಟ್ ಲೆನ್ಸಿನಲ್ಲೇ ದೂರ ಅಳೆಯಿರಿ

ಪೋರ್ಟ್ರೇಟ್ ಎಂದರೆ 85 ಮಿ.ಮೀ. ಫೋಕಲ್ ಲೆಂಗ್ತ್ (ಲೆನ್ಸ್ ಮೇಲೆ ಬರೆದ ಅಂಕಿ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಎಂದು ಎಲ್ಲರೂ ಹೇಳುತ್ತಾರೆ. ಫುಲ್‌ಫ್ರೇಮ್‌ನಲ್ಲಿ ಅದು ನಿಜ. ನಿಮ್ಮದು ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಆಗಿದ್ದರೆ 85 ಹಾಕಿದಾಗ ಸಿಗುವ ನೋಟ ಫುಲ್‌ಫ್ರೇಮ್‌ನ 128ರದ್ದು, ಕ್ಯಾನನ್‌ನಲ್ಲಿ 136ರದ್ದು. ಅದನ್ನು ಹಿಡಿದುಕೊಂಡು ನೀವು ಎಲ್ಲಿ ನಿಲ್ಲುತ್ತೀರಿ ಎಂಬುದೇ ಪ್ರಶ್ನೆ.

ಮುಖದ ಆಕಾರವನ್ನು ನಿರ್ಧರಿಸುವುದು ನೀವು ನಿಂತ ದೂರ. ಒಂದು ಮೀಟರಿಗಿಂತ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಒಂದೂವರೆ ಮೀಟರ್ ದಾಟಿದರೆ ಮುಖ ಸಹಜವಾಗಿ ಕಾಣುತ್ತದೆ. ಹಾಗಾಗಿ ಒಂದೂವರೆಯಿಂದ ಮೂರು ಮೀಟರ್ ದೂರದಲ್ಲಿ ನಿಂತಾಗ ನಿಮಗೆ ಬೇಕಾದ ಚೌಕಟ್ಟು ಕೊಡುವ ಲೆನ್ಸ್ ಯಾವುದೋ ಅದೇ ನಿಮ್ಮ ಪೋರ್ಟ್ರೇಟ್ ಲೆನ್ಸ್.

ಕ್ಯಾಮೆರಾ ನೆಟ್ಟಗೆ ಹಿಡಿದು ತಲೆ ಮತ್ತು ಭುಜ ಮಾತ್ರ ಬರುವಂತೆ ತೆಗೆಯಲು ಬೇಕಾಗುವ ದೂರ: ಫುಲ್‌ಫ್ರೇಮ್‌ನಲ್ಲಿ 50ಕ್ಕೆ ಸುಮಾರು 0.9 ಮೀಟರ್, 85ಕ್ಕೆ 1.5, 135ಕ್ಕೆ 2.4. ಎಪಿಎಸ್-ಸಿಯಲ್ಲಿ 50ಕ್ಕೆ 1.3, 58ಕ್ಕೆ 1.5, 85ಕ್ಕೆ 2.25, 135ಕ್ಕೆ 3.6. ನಿಂತವರ ಪೂರ್ಣ ದೇಹ ಬೇಕೆಂದರೆ ಎಪಿಎಸ್-ಸಿಯಲ್ಲಿ 50ಕ್ಕೇ 4 ಮೀಟರ್ ದಾಟುತ್ತದೆ, 85ಕ್ಕೆ 7 ಮೀಟರ್.

ಹತ್ತಕ್ಕೆ ಹನ್ನೆರಡು ಅಡಿಯ ಹಾಲ್ ಎಂದರೆ 3 ಮೀಟರಿಗೆ 3.6 ಮೀಟರ್. ಹಿಂದೆ ಸೋಫಾ, ಮುಂದೆ ಗೋಡೆ ಕಳೆದರೆ ಉಳಿಯುವುದು ಎರಡೂವರೆ ಮೀಟರ್. ಆ ಮನೆಯಲ್ಲಿ ಎಪಿಎಸ್-ಸಿ ಕ್ಯಾಮೆರಾದ ಮೇಲೆ 135 ಹಾಕಿದರೆ ಅಜ್ಜಿಯ ಮುಖ ತೆಗೆಯಲು ಅಡುಗೆಮನೆಯೊಳಗೆ ನಿಲ್ಲಬೇಕಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. 18-55 ಲೆನ್ಸನ್ನು 50ಕ್ಕೆ ತಿರುಗಿಸಿ, ಝೂಮ್ ಬಳೆ ಅಲುಗದಂತೆ ಸೆಲ್ಲೋ ಟೇಪು ಸುತ್ತಿ. ಒಂದು ವಾರ ಮನೆಯವರನ್ನು ಅದರಲ್ಲೇ ತೆಗೆಯಿರಿ. ಪ್ರತಿ ಸಲವೂ ಮುಂದೆ ಹೋಗಬೇಕೆನಿಸಿದರೆ ನಿಮಗೆ ಉದ್ದದ ಲೆನ್ಸ್ ಬೇಕು. ಬೆನ್ನು ಗೋಡೆಗೆ ತಾಗುತ್ತಿದ್ದರೆ 35 ಸಾಕು. 55-250 ಅಥವಾ 70-300 ಇದ್ದರೆ ಅದನ್ನೂ 85ಕ್ಕೆ, ಆಮೇಲೆ 135ಕ್ಕೆ ಕಟ್ಟಿ ನೋಡಿ. ಸಾಮಾನ್ಯವಾಗಿ ಎಪಿಎಸ್-ಸಿಯವರು 50 ಅಥವಾ 58ಕ್ಕೂ, ಫುಲ್‌ಫ್ರೇಮ್‌ನವರು 85ರಿಂದ 105ಕ್ಕೂ ಬಂದು ನಿಲ್ಲುತ್ತಾರೆ. ತೋಟ, ದೇವಸ್ಥಾನದ ಅಂಗಳ, ಮೈದಾನದಲ್ಲೇ ತೆಗೆಯುವವರಿಗೆ 135 ಒಳ್ಳೆಯದು, ಜೊತೆಗೆ ಅದು ಎಲ್ಲಕ್ಕಿಂತ ಅಗ್ಗವೂ ಹೌದು. ಹಳೆಯ 85ಗಳಿಗೆ ಬೇಡಿಕೆ ಜಾಸ್ತಿ, ಬೆಲೆಯೂ ಜಾಸ್ತಿ.

## ಹಂತ 3: ಎಷ್ಟು ಅಪರ್ಚರ್ ಸಾಕು?

ಅಪರ್ಚರ್ ಎಂದರೆ ಲೆನ್ಸಿನಲ್ಲಿ ಬೆಳಕು ಬಿಡುವ ರಂಧ್ರ, ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು. ಎಫ್ 1.2, ಎಫ್ 1.4 ಎಂಬ ಅಂಕಿಗಳ ಹಿಂದೆ ಬೀಳುವುದು ಕೈಯಲ್ಲಿ ಫೋಕಸ್ ಮಾಡುವವರಿಗೆ ಹೊಂದುವ ಆಸೆಯಲ್ಲ. ಫುಲ್‌ಫ್ರೇಮ್‌ನಲ್ಲಿ 85 ಮಿ.ಮೀ. ಲೆನ್ಸನ್ನು ಎಫ್ 1.8ರಲ್ಲಿಟ್ಟು 2 ಮೀಟರ್ ದೂರದವರನ್ನು ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂ.ಮೀ. ಕಣ್ಣಿನಿಂದ ಕಿವಿಯವರೆಗೂ ಸಾಲದು. ಅದೇ ಲೆನ್ಸ್ ಎಫ್ 4ರಲ್ಲಿ 13 ಸೆಂ.ಮೀ. ಕೊಡುತ್ತದೆ. ಕೂತ ವ್ಯಕ್ತಿ ಉಸಿರಾಡುವಾಗ, ನಿಂತ ನೀವು ತೂಗುವಾಗ ಎರಡು ಮೂರು ಸೆಂ.ಮೀ. ಹೇಗೂ ಆಚೀಚೆ ಆಗುತ್ತದೆ.

ಹಾಗಾಗಿ 50 ಮತ್ತು 58ಕ್ಕೆ ಎಫ್ 1.8 ಅಥವಾ 2, 85ರಿಂದ 105ಕ್ಕೆ ಎಫ್ 2ರಿಂದ 2.8, 135ಕ್ಕೆ ಎಫ್ 3.5. ಇಷ್ಟು ಸಾಕು. 135ರಲ್ಲಿ 3.5 ಎಂದರೆ ಕಡಿಮೆಯಲ್ಲ, ಹಿನ್ನೆಲೆ ಚೆನ್ನಾಗಿಯೇ ಕರಗುತ್ತದೆ. ಎಫ್ 2.8ರ 135 ತೂಕದಲ್ಲೂ ಬೆಲೆಯಲ್ಲೂ ಮೇಲೆ. ಬಹುತೇಕರಿಗೆ ಆ ವ್ಯತ್ಯಾಸ ಫೋಟೋದಲ್ಲಿ ಕಾಣುವುದೇ ಇಲ್ಲ.

ಅಪರ್ಚರ್ ತೆರೆದು ಮುಚ್ಚುವ ಒಳಗಿನ ಬ್ಲೇಡ್‌ಗಳ ಸಂಖ್ಯೆಯನ್ನೂ ಗಮನಿಸಿ. ಐದಾರು ಬ್ಲೇಡ್ ಇದ್ದರೆ ಅಪರ್ಚರ್ ಕಿರಿದು ಮಾಡಿದಾಗ ಹಿನ್ನೆಲೆಯ ದೀಪಗಳು ಕೋನಕೋನವಾಗಿ ಕಾಣುತ್ತವೆ. ದೀಪಾವಳಿಯ ಹಣತೆಗಳ ಮುಂದೆ ಕೂರಿಸಿ ತೆಗೆಯುವ ಆಸೆ ಇದ್ದವರಿಗೆ ಇದು ಮುಖ್ಯ, ಉಳಿದವರಿಗೆ ಅಷ್ಟಿಲ್ಲ.

## ಹಂತ 4: ಈಗ ಹೆಸರುಗಳು

ಹುಡುಕಾಟವನ್ನು ಮನೆಯಿಂದ ಶುರುಮಾಡಿ. ಚಿಕ್ಕಪ್ಪನದೋ ಮಾವನದೋ ಫಿಲ್ಮ್ ಕ್ಯಾಮೆರಾ ಅಟ್ಟದ ಮೇಲೆ ಇದ್ದೀತು. ಯಾಶಿಕಾ ಎಫ್‌ಎಕ್ಸ್-3, ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ10 ಯಾವುದಾದರೂ ಆಗಬಹುದು. ಅದರ ಮುಂದಿರುವ 50 ಎಪಿಎಸ್-ಸಿಯಲ್ಲಿ ಸೊಗಸಾದ ಪೋರ್ಟ್ರೇಟ್ ಲೆನ್ಸ್. ಎಫ್‌ಎಂ10 ಜೊತೆ ಝೂಮ್ ಬಂದಿದ್ದರೆ ಅದನ್ನು ಬಿಡಿ. ಊರಿನ ಹಳೆಯ ಸ್ಟುಡಿಯೋದವರನ್ನೂ ಕೇಳಿ. ಗಾಜಿನ ಕಪಾಟಿನಲ್ಲಿ ಶೋಕಿಗೆಂದು ಇಟ್ಟ ಲೆನ್ಸ್ ಕೊಡಲು ಅವರು ಒಪ್ಪುವುದುಂಟು.

50ರಿಂದ 58. ಒಲಿಂಪಸ್ ಒಎಂ 50 ಎಫ್ 1.8, ಮಿನೋಲ್ಟಾ ಎಂಡಿ 50 ಎಫ್ 1.7, ಕ್ಯಾನನ್ ಎಫ್‌ಡಿ 50 ಎಫ್ 1.8, ನಿಕಾನ್ ಸರಣಿ ಇ 50 ಎಫ್ 1.8, ಪೆಂಟ್ಯಾಕ್ಸ್‌ನ ಟಾಕುಮಾರ್ 55 ಎಫ್ 1.8. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ವಾದ ಬೇಡ. ಯಾವುದು ಚೆನ್ನಾಗಿ ಉಳಿದಿದೆಯೋ ಅದನ್ನು ಕೊಳ್ಳಿ. ಕೈ ಸೇರುವ ಲೆನ್ಸಿನ ಸ್ಥಿತಿಯಲ್ಲಿರುವ ವ್ಯತ್ಯಾಸ ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಟಾಕುಮಾರ್ 50 ಎಫ್ 1.4ರ ಬಗ್ಗೆ ಒಂದು ಮಾತು: ಅದರ ಹೆಚ್ಚಿನ ಮಾದರಿಗಳ ಗಾಜಿನಲ್ಲಿ ಥೋರಿಯಂ ಇದೆ, ಕಾಲಕ್ರಮದಲ್ಲಿ ಗಾಜು ಚಹಾ ಬಣ್ಣಕ್ಕೆ ತಿರುಗುತ್ತದೆ. ಕೆಲವು ದಿನ ನೇರಳಾತೀತ ದೀಪದ ಕೆಳಗಿಟ್ಟರೆ ಹಳದಿ ಕರಗುತ್ತದೆ. ಬಳಸಲು ಅಡ್ಡಿಯಿಲ್ಲ. ಬಿಚ್ಚಿ ಉಜ್ಜಬೇಡಿ.

ಹೀಲಿಯೋಸ್ 44-2, 58 ಎಫ್ 2. ಸುಳಿಯಂತೆ ತಿರುಗುವ ಹಿನ್ನೆಲೆಗೆ ಹೆಸರಾದ ಸೋವಿಯತ್ ಲೆನ್ಸ್, ಯುದ್ಧಪೂರ್ವ ಝೈಸ್ ಬಯೋಟಾರ್ ವಿನ್ಯಾಸದ ಮೇಲೆ ನಿಂತದ್ದು. ಇದನ್ನು ಕೊಂಡು ನಿರಾಶರಾದವರಲ್ಲಿ ಹೆಚ್ಚಿನವರು ಎಪಿಎಸ್-ಸಿ ಕ್ಯಾಮೆರಾದವರು. ಸುಳಿ ಮೂಡುವುದು ಚೌಕಟ್ಟಿನ ಅಂಚಿನಲ್ಲಿ, ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿಬಿಡುತ್ತದೆ. ಫುಲ್‌ಫ್ರೇಮ್‌ನಲ್ಲೂ ಹಿನ್ನೆಲೆಯಲ್ಲಿ ಎಲೆಗಳ ಸಂದಿಯಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಬೀಳುತ್ತಿರಬೇಕು, ಅಪರ್ಚರ್ ಪೂರ್ತಿ ತೆರೆದಿರಬೇಕು. ಸುಣ್ಣ ಬಳಿದ ಗೋಡೆಯ ಮುಂದೆ ಯಾವ ಸುಳಿಯೂ ಬರುವುದಿಲ್ಲ. ಇದೇ ಕುಟುಂಬದ 44ಎಂ-4 ಕೊಳ್ಳುವುದಾದರೆ ಒಂದು ಸಂಗತಿ: ಅದರಲ್ಲಿ ಅಪರ್ಚರನ್ನು ಮ್ಯಾನುವಲ್‌ಗೆ ಬದಲಿಸುವ ಸ್ವಿಚ್ ಇಲ್ಲ. ಹಿಂದಿನ ಪಿನ್ ಒತ್ತುವ ಒಳಅಂಚು ಇರುವ ಅಡಾಪ್ಟರ್ ಬೇಕು, ಇಲ್ಲದಿದ್ದರೆ ಯಾವ ಅಂಕಿಗೆ ತಿರುಗಿಸಿದರೂ ಅಪರ್ಚರ್ ತೆರೆದೇ ಇರುತ್ತದೆ.

85ರಿಂದ 105. ನಿಕಾನ್ 105 ಎಫ್ 2.5 ಸಿಕ್ಕರೆ ಬೇರೆ ಯೋಚನೆ ಬೇಡ. ನಿಕಾನ್ ಸರಣಿ ಇ 100 ಎಫ್ 2.8 ಹಗುರ, ಬೆಲೆಯೂ ಕಡಿಮೆ. ಜೂಪಿಟರ್-9, 85 ಎಫ್ 2ರಲ್ಲಿ 15 ಬ್ಲೇಡ್, ಹಿನ್ನೆಲೆ ಬೆಣ್ಣೆಯಂತೆ. ಆದರೆ ಅದನ್ನು ಯಾರು ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿರುವುದು ಮಾಮೂಲು. ಕೈಯಲ್ಲಿ ಹಿಡಿದು ಪರೀಕ್ಷಿಸದೆ ಕೊಳ್ಳಬೇಡಿ. ಹೊಸದೇ ಬೇಕೆಂದರೆ ಸಮ್ಯಾಂಗ್ 85 ಎಫ್ 1.4. ನಿಕಾನ್‌ಗೆ ಬರುವ ಎಇ ಮಾದರಿಯಲ್ಲಿ ಚಿಪ್ ಇದೆ, ಬೆಳಕಿನ ಅಳತೆ ಸಿಗುತ್ತದೆ.

135. ಕ್ಯಾನನ್ ಎಫ್‌ಡಿ, ಮಿನೋಲ್ಟಾ, ಒಲಿಂಪಸ್, ನಿಕಾನ್ ಎಲ್ಲರೂ ಎಫ್ 3.5 ಅಥವಾ 2.8ರಲ್ಲಿ ಮಾಡಿದ್ದಾರೆ. ಎಂ42ರಲ್ಲಿ ಜೂಪಿಟರ್-37ಎ, ಝೈಸ್ ಯೇನಾ ಸೋನಾರ್. ಇವುಗಳಲ್ಲಿ ಹಲವು ಒಂದೂವರೆ ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಅಷ್ಟು ನೆನಪಿರಲಿ.

ಹೊಸ ಚೀನೀ ಲೆನ್ಸ್‌ಗಳು. 7ಆರ್ಟಿಸನ್ಸ್ 55 ಎಫ್ 1.4, ಟಿಟಿಆರ್ಟಿಸನ್ 50 ಎಫ್ 1.2 ಎಪಿಎಸ್-ಸಿ ಮಿರರ್‌ಲೆಸ್‌ಗೆಂದೇ ಮಾಡಿದಂಥವು. ಅಡಾಪ್ಟರ್ ಬೇಡ, ಫಂಗಸ್ ಚಿಂತೆಯಿಲ್ಲ, ಬಿಲ್ ಸಿಗುತ್ತದೆ. ಫುಲ್‌ಫ್ರೇಮ್‌ಗೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ಹಳೆಯ ವಸ್ತುವಿನ ಗೀಳು ಇಲ್ಲದ, ಪರೀಕ್ಷೆ ಮಾಡಲು ತಾಳ್ಮೆ ಇಲ್ಲದ ಎಪಿಎಸ್-ಸಿ ಮಿರರ್‌ಲೆಸ್ ಬಳಕೆದಾರರಿಗೆ ನಾನು ಇವನ್ನೇ ಹೇಳುವುದು.

## ಹಂತ 5: ಒಟ್ಟು ಖರ್ಚು ಕೂಡಿಸಿ

ಲೆನ್ಸಿನ ಬೆಲೆಗೆ ಅಡಾಪ್ಟರ್, ಹುಡ್ (ಅಡ್ಡಬೆಳಕು ತಡೆಯಲು ಲೆನ್ಸ್ ಮುಂದೆ ಹಾಕುವ ಬಳೆ), ಎರಡೂ ಕಡೆಯ ಮುಚ್ಚಳ ಸೇರಿಸಿ. ವಿದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ, ಅದರ ಮೇಲೆ ಐಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಬೇರೆ. ಬಳೆ ಬಿಗಿಯಾಗಿದ್ದರೆ ಸರ್ವಿಸ್ ಖರ್ಚು. ಬಂದ ಮೊತ್ತವನ್ನು ನಿಮ್ಮ ಕ್ಯಾಮೆರಾ ಕಂಪನಿಯ ಹೊಸ ಆಟೋಫೋಕಸ್ 50 ಎಫ್ 1.8ರ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಅದನ್ನು ಮೀರಿದರೆ ಆ ಲೆನ್ಸ್ ಅಗ್ಗದ್ದಲ್ಲ. ಅದರ ನೋಟವೇ ಬೇಕು ಎನ್ನುವ ಕಾರಣವಿದ್ದರೆ ಕೊಳ್ಳಿ, ಉಳಿತಾಯದ ಹೆಸರಿನಲ್ಲಿ ಬೇಡ.

ಅಡಾಪ್ಟರ್‌ನಲ್ಲಿ ತೀರಾ ಜಿಪುಣತನ ಬೇಡ. ಲೆನ್ಸ್ ಹಾಕಿ ತಿರುಗಿಸಿದಾಗ ಅಲುಗಾಡಿದರೆ ಬದಲಿಸಿ. ಕ್ಯಾನನ್ ಎಫ್‌ಡಿ ಅಡಾಪ್ಟರ್‌ನಲ್ಲಿ ತೆರೆ-ಮುಚ್ಚು ಬಳೆ ಇರಲೇಬೇಕು, ಅದಿಲ್ಲದೆ ಅಪರ್ಚರ್ ಕೆಲಸ ಮಾಡದು.

## ಹಂತ 6: ಹಣ ಕೊಡುವ ಮೊದಲಿನ ಹತ್ತು ನಿಮಿಷ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿರಲಿ, ಪರಿಚಯದವರಿರಲಿ, ಈ ಕ್ರಮ ಬಿಡಬೇಡಿ. ಆನ್‌ಲೈನ್ ಆದರೆ ಇವೇ ಕೆಲಸಗಳ ವೀಡಿಯೋ ಕೇಳಿ. ಕಳಿಸಲು ಹಿಂಜರಿದರೆ ವ್ಯವಹಾರ ಅಲ್ಲಿಗೇ ಮುಗಿಯಿತು.

1. ಹೊರಮೈ. ಮುಂದಿನ ಫಿಲ್ಟರ್ ಬಳೆ ನಜ್ಜಾಗಿದ್ದರೆ ಲೆನ್ಸ್ ಬಿದ್ದಿದೆ. ಸ್ಕ್ರೂಗಳ ತಲೆ ಸವೆದಿದ್ದರೆ, ಹೊಳೆಯುವ ಗೀರುಗಳಿದ್ದರೆ ಯಾರೋ ಬಿಚ್ಚಿದ್ದಾರೆ. ಮೂಗಿನ ಹತ್ತಿರ ಹಿಡಿಯಿರಿ: ಮುಗ್ಗಲು ವಾಸನೆ ಬಂದರೆ ಟಾರ್ಚ್ ಪರೀಕ್ಷೆಯನ್ನು ಎರಡು ಸಲ ಮಾಡಿ.

2. ಟಾರ್ಚ್. ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಬೆಳಕು ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಆಮೇಲೆ ಲೆನ್ಸ್ ತಿರುಗಿಸಿ ಅದನ್ನೇ ಮಾಡಿ. ಧೂಳಿನ ಕಣಗಳು ಎಲ್ಲ ಹಳೆಯ ಲೆನ್ಸಿನಲ್ಲೂ ಇರುತ್ತವೆ, ತಲೆಕೆಡಿಸಿಕೊಳ್ಳಬೇಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಫಂಗಸ್. ಇಡೀ ಗಾಜು ಮಂಜು ಕವಿದಂತೆ ಮಂಕಾಗಿದ್ದರೆ ಅದು ಹೇಸ್. ಅಂಚಿನಲ್ಲಿ ಎಣ್ಣೆ ಹರಡಿದಂತೆ ಬಣ್ಣಬಣ್ಣದ ತೇಪೆ ಕಂಡರೆ ಎರಡು ಗಾಜುಗಳನ್ನು ಸೇರಿಸಿದ ಅಂಟು ಬಿಟ್ಟಿದೆ. ಅಂಟು ಬಿಟ್ಟ ಲೆನ್ಸನ್ನು ಬೆಲೆ ಎಷ್ಟೇ ಇಳಿಸಿದರೂ ಮುಟ್ಟಬೇಡಿ. ಅಂಚಿನಲ್ಲಷ್ಟೇ ಒಂದೆರಡು ಎಳೆ ಫಂಗಸ್ ಇದ್ದರೆ ಫೋಟೋದಲ್ಲಿ ಕಾಣದಿರಬಹುದು, ಆದರೆ ಅದು ಲೇಪನವನ್ನು ತಿನ್ನುತ್ತಿರುತ್ತದೆ. ಸ್ವಚ್ಛ ಮಾಡಿದ ಮೇಲೂ ಗುರುತು ಉಳಿಯಬಹುದು. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಕರಾವಳಿ, ಮಲೆನಾಡಿನ ಮನೆಗೆ ಅಂಥ ಲೆನ್ಸ್ ಒಯ್ಯದಿರುವುದು ಮೇಲು.

ಮುಂದಿನ ಗಾಜಿನ ಮೇಲಿನ ಸಣ್ಣ ಗೀರಿಗೆ ಹೆದರಬೇಡಿ, ಅದನ್ನು ತೋರಿಸಿ ಬೆಲೆ ಕುದುರಿಸಿ. ಹಿಂದಿನ ಗಾಜಿನ ಮೇಲಿನ ಗೀರು ಮಾತ್ರ ಚಿತ್ರವನ್ನು ಕೆಡಿಸುತ್ತದೆ.

3. ಬ್ಲೇಡ್‌ಗಳು. ಅಪರ್ಚರ್ ಬಳೆಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಬ್ಲೇಡ್ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ, ಪಿನ್ ಒತ್ತಿ ಬಿಟ್ಟಾಗ ತೂಕಡಿಸುತ್ತ ಮುಚ್ಚಿದರೆ ಸರ್ವಿಸ್ ಬೇಕು. ಹೀಲಿಯೋಸ್ 44-2ರಂಥ ಪ್ರಿಸೆಟ್ ಲೆನ್ಸಿನಲ್ಲಿ ಬ್ಲೇಡ್‌ಗೆ ಸ್ವಲ್ಪ ಎಣ್ಣೆಯಿದ್ದರೂ ತೊಂದರೆಯಿಲ್ಲ, ಅಲ್ಲಿ ಬ್ಲೇಡನ್ನು ಸರಿಸುವುದು ನಿಮ್ಮ ಕೈ. ಎಫ್‌ಡಿ ಲೆನ್ಸ್ ಕೈಯಲ್ಲಿದ್ದಾಗ ಬಳೆ ತಿರುಗಿಸಿದರೂ ಬ್ಲೇಡ್ ಅಲುಗದಿದ್ದರೆ ಅದು ದೋಷವಲ್ಲ. ಅಡಾಪ್ಟರ್‌ಗೆ ಹಾಕಿ ನೋಡಿ.

4. ಫೋಕಸ್ ಬಳೆ. ಒಂದೇ ಸಮನಾದ ಬಿಗಿತ ಇರಬೇಕು. ಕೆಲವೆಡೆ ಸಡಿಲ, ಕೆಲವೆಡೆ ಬಿಗಿ ಎಂದರೆ ಗ್ರೀಸ್ ಒಣಗಿದೆ. ಮರಳು ಅರೆದಂಥ ಸದ್ದು ಬಂದರೆ ಬೇಡ. ಬಳೆ ನಿಂತಲ್ಲೇ ನಿಂತು ಆಚೀಚೆ ಅಲುಗಿದರೆ ಮುಖದ ಮೇಲೆ ಫೋಕಸ್ ಹಿಡಿಯುವುದು ಯಾತನೆ.

5. ಕ್ಯಾಮೆರಾದಲ್ಲಿ. ಕ್ಯಾಮೆರಾ ಮತ್ತು ಅಡಾಪ್ಟರ್ ಜೊತೆಗೇ ಒಯ್ಯಿರಿ. ಬೆಳಕಿಗೆ ಎದುರಾಗಿ ಒಂದು ಫೋಟೋ ಪೂರ್ತಿ ತೆರೆದು, ಇನ್ನೊಂದು ಎಫ್ 5.6ರಲ್ಲಿ ತೆಗೆಯಿರಿ. ತೆರೆದಾಗ ಮುಖದ ಸುತ್ತ ಮೃದುವಾದ ಪ್ರಭೆ ಕಾಣಿಸಿ, 5.6ರಲ್ಲಿ ಮಾಯವಾದರೆ ಅದು ಲೆನ್ಸಿನ ಹುಟ್ಟುಗುಣ. 5.6ರಲ್ಲೂ ಚಿತ್ರ ತೊಳೆದಂತೆ ಬಿಳಿಚಿಕೊಂಡಿದ್ದರೆ ಒಳಗೆ ಹೇಸ್ ಇದೆ.

"ಸ್ವಲ್ಪ ಫಂಗಸ್ ಇದೆ, ಫೋಟೋಗೆ ಏನೂ ಆಗಲ್ಲ" ಎಂದವರಿಗೆ ಆ ಫೋಟೋ ತೆಗೆದು ತೋರಿಸಲು ಹೇಳಿ. "ಪರೀಕ್ಷಿಸಿಲ್ಲ" ಎಂದು ಬರೆದಿದ್ದರೆ ಪರೀಕ್ಷಿಸಿ, ಸೋತು, ಮಾರುತ್ತಿದ್ದಾರೆ ಎಂದೇ ಲೆಕ್ಕ ಹಾಕಿ ಬೆಲೆ ಕೇಳಿ.

## ಹಂತ 7: ಕ್ಯಾಮೆರಾವನ್ನು ಸಿದ್ಧಮಾಡಿ

ಶಟರ್ ಬೀಳುತ್ತಿಲ್ಲ ಎಂಬ ದೂರಿಗೆ ಪರಿಹಾರ ಮೆನುವಿನಲ್ಲಿದೆ. ಮಿರರ್‌ಲೆಸ್ ಕ್ಯಾಮೆರಾಗೆ ಚಿಪ್ ಇಲ್ಲದ ಲೆನ್ಸ್ ಹಾಕಿದಾಗ ಲೆನ್ಸೇ ಇಲ್ಲ ಎಂದುಕೊಳ್ಳುತ್ತದೆ. ಸೋನಿಯಲ್ಲಿ 'ರಿಲೀಸ್ ವಿದೌಟ್ ಲೆನ್ಸ್', ಫ್ಯೂಜಿಯಲ್ಲಿ 'ಶೂಟ್ ವಿದೌಟ್ ಲೆನ್ಸ್', ಕ್ಯಾನನ್ ಆರ್ ಸರಣಿಯಲ್ಲೂ ಇದೇ ಅರ್ಥದ ಆಯ್ಕೆ. ಆನ್ ಮಾಡಿ.

ಕ್ಯಾಮೆರಾ ಒಳಗೇ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಲೆನ್ಸಿನ ಫೋಕಲ್ ಲೆಂಗ್ತ್ ಕೈಯಿಂದ ನಮೂದಿಸಿ. ಹಾಕುವುದು ಲೆನ್ಸ್ ಮೇಲೆ ಬರೆದ ಅಂಕಿಯನ್ನೇ, ಎಪಿಎಸ್-ಸಿಗೆಂದು ಗುಣಿಸಿದ್ದನ್ನಲ್ಲ. ಹಿಂದಿನ ಲೆನ್ಸಿನ ಅಂಕಿ ಹಾಗೇ ಉಳಿದಿದ್ದರೆ ಸ್ಟೆಬಿಲೈಸೇಶನ್ ತಪ್ಪು ಲೆಕ್ಕದಲ್ಲಿ ಅಲುಗಾಡಿ ತಾನೇ ಫೋಟೋ ಮಸುಕು ಮಾಡುತ್ತದೆ. ಬಹಳ ಮಂದಿ ಇದನ್ನು ಲೆನ್ಸಿನ ದೋಷ ಎಂದುಕೊಳ್ಳುತ್ತಾರೆ.

ಮೋಡ್ ಎ ಅಥವಾ ಎವಿ (ಅಪರ್ಚರ್ ನಿಮ್ಮದು, ಶಟರ್ ವೇಗ ಕ್ಯಾಮೆರಾದ್ದು) ಇರಲಿ. ಆಟೋ ಐಎಸ್ಒದಲ್ಲಿ ಕನಿಷ್ಠ ಶಟರ್ ವೇಗ 1/250 ಇಡಿ. ಪೀಕಿಂಗ್ (ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಆಯ್ಕೆ) ಆನ್ ಮಾಡಿ, ಚಿತ್ರ ಹಿಗ್ಗಿಸುವ ಕೆಲಸವನ್ನು ಹೆಬ್ಬೆರಳಿಗೆ ಸಿಗುವ ಬಟನ್‌ಗೆ ಕೊಡಿ.

## ಹಂತ 8: ಫೋಕಸ್ ಹಿಡಿಯುವ ಕ್ರಮ

ಪೀಕಿಂಗ್‌ನ ಬಣ್ಣದ ಗೆರೆಗಳನ್ನು ಪೂರ್ತಿ ನಂಬಬೇಡಿ. ರೇಷ್ಮೆ ಸೀರೆಯ ಜರಿಯಂಚು, ಮೂಗುತಿ, ಕನ್ನಡಕದ ಫ್ರೇಮು ಎಲ್ಲವೂ ಕಣ್ಣಿಗಿಂತ ಮೊದಲು ಹೊಳೆಯುತ್ತವೆ. ಪೀಕಿಂಗ್‌ನಿಂದ ಹತ್ತಿರಕ್ಕೆ ಬಂದು, ಚಿತ್ರ ಹಿಗ್ಗಿಸಿ, ಕ್ಯಾಮೆರಾಗೆ ಹತ್ತಿರವಿರುವ ಕಣ್ಣಿನ ರೆಪ್ಪೆಯ ಮೇಲೆ ಬಳೆಯನ್ನು ಸಣ್ಣಗೆ ಆಚೀಚೆ ತಿರುಗಿಸಿ ನಿಲ್ಲಿಸಿ. ಹಿಗ್ಗಿಸಿದ್ದನ್ನು ಬಿಟ್ಟು, ಚೌಕಟ್ಟು ನೋಡಿ, ಮೂರು ನಾಲ್ಕು ಫೋಟೋ ಒಟ್ಟಿಗೆ ತೆಗೆಯಿರಿ. ಒಂದಂತೂ ಸರಿ ಸಿಗುತ್ತದೆ. ಎದುರಿನವರನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಗೋಡೆಗೋ ಕಂಬಕ್ಕೋ ಒರಗಿ.

ಡಿಎಸ್‌ಎಲ್‌ಆರ್‌ನವರಿಗೆ ಕಷ್ಟ ಹೆಚ್ಚು. ಕ್ಯಾಮೆರಾ ಜೊತೆ ಬರುವ ಫೋಕಸ್ ಪರದೆ ಎಫ್ 2.8ರ ಆಸುಪಾಸಿನ ಆಳವನ್ನಷ್ಟೇ ತೋರಿಸುತ್ತದೆ. ಎಫ್ 1.8ರಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಸ್ಪಷ್ಟವಾಗಿ ಕಂಡದ್ದು ಫೋಟೋದಲ್ಲಿ ಮಸುಕಾಗುವುದು ಇದಕ್ಕೇ. ಟ್ರೈಪಾಡ್ ಮೇಲೆ ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಮಾಡಿ. ನಿಕಾನ್‌ನಲ್ಲಿ ಫೋಕಸ್ ಸರಿಯಾದಾಗ ಬೆಳಗುವ ಕಿಂಡಿಯ ಮೂಲೆಯ ಹಸಿರು ಚುಕ್ಕಿ ಹಳೆಯ ಲೆನ್ಸಿಗೂ ಕೆಲಸ ಮಾಡುತ್ತದೆ. ಕ್ಯಾನನ್‌ನಲ್ಲಿ ಅದಕ್ಕೆ ಚಿಪ್ ಇರುವ ಅಡಾಪ್ಟರ್ ಬೇಕು.

ಮೊದಲ ವಾರ ಎಫ್ 2.8ಕ್ಕಿಂತ ಕೆಳಗೆ ಇಳಿಯಬೇಡಿ. ಕೈ ಪಳಗಿದ ಮೇಲೆ ತೆರೆಯುತ್ತ ಹೋಗಿ. ಪ್ರಿಸೆಟ್ ಲೆನ್ಸ್ ಆದರೆ ಬೇಕಾದ ಅಂಕಿಗೆ ಮೊದಲ ಬಳೆ ಇಟ್ಟು, ತೆರೆದು ಫೋಕಸ್ ಮಾಡಿ, ಮುಚ್ಚಿ ತೆಗೆಯಿರಿ. ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಮುಚ್ಚಿದಾಗ ಫೋಕಸ್ ತುಸು ಸರಿಯುತ್ತದೆ. ಹಾಗೆ ಕಂಡರೆ ಮಿರರ್‌ಲೆಸ್‌ನಲ್ಲಿ ತೆಗೆಯುವ ಅಂಕಿಯಲ್ಲೇ ಫೋಕಸ್ ಮಾಡಿ.

## ಹಂತ 9: ವಾಪಸು ಅವಧಿ ಮುಗಿಯುವ ಮೊದಲು

ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಅದಕ್ಕೆ ನೇರವಾಗಿ ಟ್ರೈಪಾಡ್ ಮೇಲಿಟ್ಟು, ಎರಡು ಸೆಕೆಂಡ್ ಟೈಮರ್‌ನಲ್ಲಿ ತೆಗೆಯಿರಿ. ಮೂಲೆಗಳು ಮಧ್ಯಭಾಗಕ್ಕಿಂತ ಮೃದುವಾಗಿದ್ದರೆ ಪೋರ್ಟ್ರೇಟ್‌ಗೆ ಏನೂ ನಷ್ಟವಿಲ್ಲ. ಎಡ ಅಂಚು ಸ್ಪಷ್ಟ, ಬಲ ಅಂಚು ಕಲಸಿದಂತೆ ಎಂದಾದರೆ ಒಳಗಿನ ಗಾಜು ಓರೆಯಾಗಿದೆ. ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ಈಗ ಪತ್ರಿಕೆಯ ಇನ್ನೊಂದು ಬದಿ ಕಲಸಿದರೆ ದೋಷ ಲೆನ್ಸಿನದೋ ಅಡಾಪ್ಟರ್‌ನದೋ. ಅದೇ ಬದಿ ಕಲಸಿದರೆ ನೀವು ಕ್ಯಾಮೆರಾ ಓರೆಯಾಗಿ ಇಟ್ಟಿದ್ದೀರಿ. ಬೇರೆ ಅಡಾಪ್ಟರ್ ಹಾಕಿದರೂ ದೋಷ ಉಳಿದರೆ ಲೆನ್ಸನ್ನು ಹಿಂದಿರುಗಿಸಿ.

ಅಡಾಪ್ಟರ್ ಸ್ಕ್ರೂಗಳು ಬಳಸುತ್ತ ಸಡಿಲವಾಗುತ್ತವೆ, ಆಗಾಗ ಬಿಗಿಮಾಡಿ. ಲೆನ್ಸಿಗೊಂದು ರಬ್ಬರ್ ಹುಡ್ ಹಾಕಿ. ಹಳೆಯ ಲೇಪನಕ್ಕೆ ಅಡ್ಡಬೆಳಕು ಆಗಿಬರುವುದಿಲ್ಲ. ಲೆನ್ಸನ್ನು ಚರ್ಮದ ಚೀಲದಲ್ಲೋ ಬೀರುವಿನಲ್ಲೋ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಪುಟ್ಟ ತೇವಮಾಪಕ. ತೇವಾಂಶ 40ರಿಂದ 50 ಶೇಕಡಾ ಇರಲಿ. 60 ದಾಟಿದರೆ ಜೆಲ್ ಕಾಯಿಸಿ ಮತ್ತೆ ಇಡಿ.